ಪಕ್ಕದ ಮನೆಯ ಸೀಸ

ಗಿಲ್‌ರಾಯ್

ಆ ಕಡೆ ಹೋಗಿಬಂದವರೆಲ್ಲ ದೊಡ್ಡ ಸೇತುವೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದಿದೆ. ಅದರಲ್ಲಿ ಸೇತುವೆ ಮಂಜಿನಲ್ಲಿ ಮುಚ್ಚಿಹೋಗಿದೆ, ನಾನು ಆಕಳಿಸುತ್ತಿದ್ದೇನೆ. ನನ್ನ ಪ್ರವಾಸಕ್ಕೆ ಅದಕ್ಕಿಂತ ತಕ್ಕ ಫೋಟೊ ಸಿಗಲಾರದು.

ನಿಜ ಹೇಳಬೇಕೆಂದರೆ ನಾನು ಊರು ನೋಡಲೆಂದು ಹೋದವನೇ ಅಲ್ಲ. ಅಕ್ಕನ ದೊಡ್ಡ ಮಗಳು ಸೌಮ್ಯಾ ಹೊಸ ಕೆಲಸಕ್ಕೆ ಸೇರಿದ್ದಳು. ಅವಳ ಎರಡು ವರ್ಷದ ಮಗಳು ತಾರಾ ಹೋಗುತ್ತಿದ್ದ ಡೇಕೇರ್ ಮುಚ್ಚಿಹೋಗಿತ್ತು. ಇನ್ನೊಂದರಲ್ಲಿ ಜಾಗ ಸಿಗುವವರೆಗೆ ಮಗುವನ್ನು ನೋಡಿಕೊಳ್ಳಲು ಮನೆಯವರೇ ಯಾರಾದರೂ ಬೇಕಿತ್ತು. ಇಂಥ ಹೊತ್ತಿನಲ್ಲಿ ಎಲ್ಲರ ಮನೆಗೂ ಅಜ್ಜಿ ಹೋಗುತ್ತಾಳೆ. ಅಕ್ಕನಿಗೆ ಹಾಸನ ಬಿಟ್ಟು ಹೊರಡುವ ಹಾಗಿರಲಿಲ್ಲ. ಅಂಚೆ ಇಲಾಖೆಯಿಂದ ನಿವೃತ್ತನಾಗಿ, ಮದುವೆಯ ರಗಳೆಯಿಲ್ಲದೆ, ಕೈಯಾರೆ ಬೇಯಿಸಿಕೊಂಡು ಆರಾಮವಾಗಿದ್ದ ತಮ್ಮನೊಬ್ಬ ಅವಳ ಕಣ್ಣಿಗೆ ಬಿದ್ದ.

"ನಿನಗೇನೋ ಕೆಲಸ ಇಲ್ಲಿ, ಸೀನ? ಹೋಗಿ ಮಗೂಗೆ ನಾಲ್ಕು ದಿನ ಸಾರನ್ನ ಮಾಡಿ ಹಾಕು" ಎಂದಳು. ಅಷ್ಟೇ. ಅಕ್ಕ ಹೇಳಿದ ಮೇಲೆ ನಾನು ವಾದಿಸಿದ್ದು ಜನ್ಮದಲ್ಲಿಲ್ಲ.

ವೀಸಾ ಬಂದ ಮೇಲೆ ನಾವಿಬ್ಬರೂ ಪೇಟೆಗೆ ಹೋಗಿ ಎರಡು ಈಯದ ಚೊಂಬು ಕೊಂಡೆವು. ಈಯ ಎಂದರೆ ತವರ. ನಮ್ಮಂಥ ಮನೆಗಳಲ್ಲಿ ಸಾರಿಗೆಂದೇ ಈ ಪಾತ್ರೆ. ಇದರಲ್ಲಿ ಕುದಿಸಿದ ಸಾರಿನ ರುಚಿಯೇ ಬೇರೆ ಎಂದು ನಂಬಿಕೊಂಡು ಬಂದವರು ನಾವು. ಅಮ್ಮನ ಕಾಲದ್ದು ತೂತುಬಿದ್ದು ಮೂಲೆ ಸೇರಿತ್ತು. ಹೊಸವು ಅದಕ್ಕಿಂತ ಸ್ವಲ್ಪ ಕಪ್ಪಗಿದ್ದವು, ಎತ್ತಿದರೆ ಕೈ ಜಗ್ಗುವಷ್ಟು ಭಾರವಿದ್ದವು. ಅಂಗಡಿಯವನು ಅಪ್ಪಟ ಈಯ ಎಂದ. ಭಾರವಿದೆ ಎಂದರೆ ಮಾಲು ಗಟ್ಟಿಯಾಗಿದೆ ಎಂದು ಅಕ್ಕ ಖುಷಿಪಟ್ಟಳು. ಒಂದನ್ನು ಅವಳು ಇಟ್ಟುಕೊಂಡಳು, ಇನ್ನೊಂದನ್ನು ಸೌಮ್ಯಳಿಗೆಂದು ನನ್ನ ಪೆಟ್ಟಿಗೆಯಲ್ಲಿ ಪಂಚೆ ಸುತ್ತಿ ಇಟ್ಟಳು.

ವಿಮಾನದಲ್ಲಿ ನಿದ್ದೆ ಬರಲಿಲ್ಲ. ಇಳಿದ ಮೇಲೆ ಕಣ್ಣು ಬಿಡಲಾಗಲಿಲ್ಲ. ತಪಾಸಣೆಯವನು ಚೊಂಬನ್ನು ಎತ್ತಿ, ಒಳಗೆ ಇಣುಕಿ, ಏನಿದು ಎಂದು ಕೇಳಿದ. ಸೂಪು ಮಾಡಲು ಎಂದೆ. ನನ್ನ ಮುಖ ನೋಡಿ, ಈ ಮುದುಕನಿಗೆ ಸೂಪಿನ ಅಗತ್ಯವಿದೆ ಅನ್ನಿಸಿರಬೇಕು, ಹೋಗು ಎಂದ. ಸೌಮ್ಯಳ ಗಂಡ ನವೀನ ಕಾರು ತಂದಿದ್ದ. ಮಂಡ್ಯದ ಕಡೆಯವನು, ಮಾತು ಕಡಿಮೆ, ದಿನವೂ ಗಿಲ್‌ರಾಯ್‌ನಿಂದ ಫಾಸ್ಟರ್ ಸಿಟಿಯ ಆಫೀಸಿಗೆ ಕಾರು ಓಡಿಸಿ ಓಡಿಸಿ ಬೆನ್ನು ಬಗ್ಗಿಹೋಗಿತ್ತು. ಮನೆ ಅಷ್ಟು ದೂರ ಯಾಕೆ ಮಾಡಿದಿರಿ ಎಂದರೆ, "ಇಲ್ಲಾದ್ರೆ ಮನೆ ಸಿಕ್ತದೆ ಮಾವ, ಅದೇ ದುಡ್ಡಿಗೆ ಅಲ್ಲಿ ಬಚ್ಚಲುಮನೆ ಸಿಕ್ತದೆ ಅಷ್ಟೆ" ಎಂದ.

ಗಿಲ್‌ರಾಯ್ ಬಂತೆಂದು ನನಗೆ ತಿಳಿದದ್ದು ಮೂಗಿನಿಂದ. ಬೆಳ್ಳುಳ್ಳಿ ಬೆಳೆಗೇ ಹೆಸರಾದ ಊರಂತೆ, ಊರಿಗೆ ಊರೇ ಬೆಳ್ಳುಳ್ಳಿ ವಾಸನೆ. ಹುಟ್ಟಿದಾಗಿನಿಂದ ಬೆಳ್ಳುಳ್ಳಿಯನ್ನು ಹೊಸಿಲು ದಾಟಿಸದ ಮನೆಯವನನ್ನು ದೇವರು ಬೇಕೆಂತಲೇ ಇಲ್ಲಿಗೆ ತಂದು ಹಾಕಿದ ಅನ್ನಿಸಿತು. ಮೂರನೆಯ ದಿನಕ್ಕೆ ವಾಸನೆ ಗೊತ್ತಾಗದೆ ಹೋಯಿತು, ಸುಸ್ತು ಮಾತ್ರ ಉಳಿದುಕೊಂಡಿತು.

ತಾರಾ ಮೊದಮೊದಲು ನನ್ನನ್ನು ಹತ್ತಿರ ಸೇರಿಸಲಿಲ್ಲ. ಮಾತೆಲ್ಲ ಇಂಗ್ಲಿಷು. ನಾನು ಕನ್ನಡದಲ್ಲಿ ಕರೆದರೆ ಅರ್ಥವಾಗುತ್ತಿತ್ತು, ಬರುತ್ತಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಚೊಂಬಿನಲ್ಲಿ ಸಾರು ಮಾಡಿ, ಆರಿಸಿ, ಸಣ್ಣ ಲೋಟದಲ್ಲಿ ಕೊಟ್ಟೆ. ಕುಡಿದು ಲೋಟ ಮುಂದೆ ಹಿಡಿದಳು. "ಮೋರ್ ಸಾರು, ತಾತ." ಅವತ್ತಿನಿಂದ ನಮ್ಮಿಬ್ಬರ ಮಧ್ಯೆ ಸಾರೇ ಮಾತಾಯಿತು. ಸೌಮ್ಯಾ ಆಫೀಸಿನಲ್ಲೇ ತಿನ್ನುತ್ತಿದ್ದಳು, ನವೀನ ಅನ್ನ ಬಿಟ್ಟು ಚಪಾತಿ ಹಿಡಿದಿದ್ದ. ಹಾಗಾಗಿ ಆ ಸಾರಿಗೆ ಗಿರಾಕಿಗಳು ನಾನು, ತಾರಾ ಇಬ್ಬರೇ.

ಬೇಲಿಯ ಆಚೆ

ಹಗಲೆಲ್ಲ ಮನೆಯಲ್ಲಿ ಮಗು, ನಾನು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಸನದಲ್ಲಿ ಒಂದು ಹಾಲಿನ ಪ್ಯಾಕೆಟ್ ತರಲು ಹೋದರೆ ನಾಲ್ಕು ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಇಲ್ಲಿ ಬೇಲಿಯಾಚೆ ಸಿಕ್ಕವನು ರಾನ್ ಒಬ್ಬನೇ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು, ಒಂಟಿ. ಸೌಮ್ಯಾ ರಜೆಯಿದ್ದ ದಿನ, ಮಗು ಅವಳ ಬಳಿ ಇರುವಾಗ, ನಾನು ಅವನ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದೆ.

ಅವನ ಹವ್ಯಾಸ ಬಂದೂಕಿನ ಗುಂಡು ಎರಕ ಹೊಯ್ಯುವುದು. ಕೇಳಿದ ದಿನ ನನಗೆ ಎದೆ ಝಲ್ಲೆಂದಿತು. ಅವನು ಹೊಡೆಯುತ್ತಿದ್ದದ್ದು ಕಾಗದದ ಗುರಿಗೆ ಮಾತ್ರ, ಅದೂ ಗುಡ್ಡದ ಬದಿಯ ಮೈದಾನದಲ್ಲಿ. ಹೊಡೆಯುವುದಕ್ಕಿಂತ ಎರಕದಲ್ಲೇ ಅವನಿಗೆ ಹೆಚ್ಚು ಸುಖ ಎಂದು ನನ್ನ ಅಂದಾಜು. ಕಾರಿನ ಚಕ್ರಕ್ಕೆ ತೂಕ ಸರಿದೂಗಲೆಂದು ಹಿಂದಿನ ಕಾಲದಲ್ಲಿ ಸಿಕ್ಕಿಸುತ್ತಿದ್ದ ಸೀಸದ ತುಂಡು, ಹಳೆಯ ಮನೆಗಳ ಸೀಸದ ಕೊಳವೆ, ಏನು ಸಿಕ್ಕಿದರೂ ತಂದು ಕರಗಿಸಿ ಗಟ್ಟಿಗಳಾಗಿ ಹೊಯ್ದಿಡುತ್ತಿದ್ದ. ಬರಿಯ ಸೀಸ ತೀರಾ ಮೆತ್ತಗಂತೆ. ಆ ಗುಂಡು ಹಾರುವಾಗ ಬಂದೂಕಿನ ನಳಿಗೆಗೆ ಮೆತ್ತಿಕೊಳ್ಳುತ್ತದಂತೆ. ತೀರಾ ಗಟ್ಟಿಯಾದರೆ ನಳಿಗೆಯನ್ನು ಕಚ್ಚಿ ತಿರುಗುವುದಿಲ್ಲವಂತೆ. ಎರಡರ ನಡುವೆ ಹದ ಬರಲು ಸೀಸಕ್ಕೆ ಇಷ್ಟು ತವರ, ಆಂಟಿಮೊನಿ ಎಂಬ ಇನ್ನೊಂದು ಲೋಹ ಇಷ್ಟು ಎಂದು ತೂಗಿ ಸೇರಿಸಬೇಕು. ಹದ ಬಂತೋ ಇಲ್ಲವೋ ನೋಡಲು ಚಿತ್ರ ಬರೆಯುವ ಪೆನ್ಸಿಲುಗಳನ್ನು ಮೆತ್ತನೆಯದರಿಂದ ಗಟ್ಟಿಯದರ ತನಕ ಸಾಲಾಗಿ ಜೋಡಿಸಿಕೊಂಡು, ಒಂದೊಂದನ್ನೇ ಗುಂಡಿನ ಮೇಲೆ ಒತ್ತಿ ದೂಡುತ್ತಿದ್ದ. ಯಾವ ಪೆನ್ಸಿಲು ಜಾರದೆ ಲೋಹವನ್ನು ಕೆತ್ತುತ್ತದೋ ಅದೇ ಆ ಗುಂಡಿನ ಗಡಸು. ಮೈಸೂರುಪಾಕಿನ ಎಳೆಪಾಕವನ್ನು ಬೆರಳಲ್ಲಿ ಎಳೆದು ನೋಡಿದವನಿಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ನನಗೆ ಅಲ್ಲಿ ಕೂರುವುದು ಹಿಡಿಸಿತು.

ಅದಕ್ಕಿಂತ ಹಿಡಿಸಿದ್ದು ಅವನ ಮಡಿ. ಬೇರೆ ಪದ ಇಲ್ಲ ಅದಕ್ಕೆ. ಗ್ಯಾರೇಜಿಗೆ ಬೇರೆ ಚಪ್ಪಲಿ, ಬೇರೆ ಅಂಗಿ. ಆ ಅಂಗಿ ಬೇರೆ ಬಟ್ಟೆಯ ಜೊತೆ ಒಗೆಯುವಂತಿಲ್ಲ. ಒಳಗೆ ನೀರು ಕೂಡ ಕುಡಿಯುವಂತಿಲ್ಲ. ಕೆಲಸ ಮುಗಿದರೆ ಮೊಣಕೈವರೆಗೆ ತೊಳೆಯದೆ ಮನೆಯ ಬಾಗಿಲ ಹಿಡಿ ಮುಟ್ಟುವಂತಿಲ್ಲ. ನನ್ನನ್ನು ಗ್ಯಾರೇಜಿನ ಹೊರಗೆ, ಗಾಳಿ ಬರುವ ಕಡೆ ಕುರ್ಚಿ ಹಾಕಿ ಕೂರಿಸುತ್ತಿದ್ದ. ನಮ್ಮಮ್ಮ ಬದುಕಿದ್ದರೆ ಈ ಮನುಷ್ಯನನ್ನು ಅಡುಗೆಮನೆಯವರೆಗೂ ಬಿಟ್ಟುಕೊಳ್ಳುತ್ತಿದ್ದಳು.

ತವರಕ್ಕೆ ಮಾತ್ರ ಅವನಿಗೆ ಸದಾ ಬರ. ಹಳೆ ಸಾಮಾನಿನ ಅಂಗಡಿಗಳಲ್ಲಿ ತವರದ ಮಗ್ಗು ಹುಡುಕುತ್ತಾ ಅಲೆಯುತ್ತಿದ್ದ. ನಮ್ಮ ಮನೆಯಲ್ಲಿ ತವರದ ಪಾತ್ರೆಯಲ್ಲೇ ಅಡುಗೆ ಎಂದಾಗ ಕಣ್ಣರಳಿಸಿ, "ಅದು ಬೇಡವಾದ ದಿನ ನನ್ನನ್ನು ನೆನೆಸಿಕೊಳ್ಳಿ" ಎಂದು ನಕ್ಕ.

ಫ್ರೀಮಾಂಟ್

ಎರಡು ವಾರಕ್ಕೊಮ್ಮೆ ಫ್ರೀಮಾಂಟಿಗೆ ಹೋಗಿ ದಿನಸಿ ತರುವುದು ಆ ಮನೆಯ ಪದ್ಧತಿ. ಕರಿಬೇವು, ಹುಣಸೆ, ಸೋನಾಮಸೂರಿ ಎಲ್ಲ ಸಿಗುತ್ತದೆ. ಕಾರು ನಿಲ್ಲಿಸುವ ಜಾಗ ಒಂದು ಸಿಗುವುದಿಲ್ಲ. ನವೀನ ಸುತ್ತುಹೊಡೆಯುತ್ತಿದ್ದಾಗಲೇ ಸೌಮ್ಯಳ ಫೋನಿಗೆ ಕರೆ ಬಂದದ್ದು. ತಾರಾಳಿಗೆ ಎರಡು ತುಂಬಿದ್ದಕ್ಕೆ ಆ ವಾರ ರಕ್ತ ತೆಗೆದಿದ್ದರು, ಅಲ್ಲಿ ಅದು ಮಾಮೂಲು. ರಕ್ತದಲ್ಲಿ ಸೀಸ ಇದೆ, ಇರಬಾರದಷ್ಟು ಇದೆ ಎಂದು ಡಾಕ್ಟರರ ಕಡೆಯಿಂದ ಹೇಳಿದರು. ಹೋದ ವರ್ಷ ನೋಡಿದಾಗ ಏನೂ ಇರಲಿಲ್ಲವಂತೆ.

ಸೌಮ್ಯಾ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ತಾರಾ ತನ್ನ ಬೂಟಿನ ಪಟ್ಟಿಯನ್ನು ಬಿಚ್ಚಿ ಹಾಕಿ ಆಡುತ್ತಿದ್ದಳು.

"ಏನಾಗತ್ತಂತೆ ಅದರಿಂದ?" ಎಂದು ನಾನು ಕೇಳಿದೆ.

"ಬ್ರೇನಿಗೆ ಮಾವ" ಎಂದಳು ಸೌಮ್ಯಾ. "ಬೆಳೆಯೋ ಮಕ್ಕಳಿಗೆ ಬ್ರೇನಿಗೆ ಎಫೆಕ್ಟ್ ಆಗತ್ತಂತೆ. ಹೋದ್ರೆ ವಾಪಸ್ ಬರಲ್ವಂತೆ."

ಅವತ್ತು ದಿನಸಿ ತರಲಿಲ್ಲ. ಮಾರನೆಯ ದಿನ ಸರ್ಕಾರಿ ಆರೋಗ್ಯ ಇಲಾಖೆಯ ನರ್ಸ್ ಒಬ್ಬಳು ಫೋನ್ ಮಾಡಿ ಬಹಳ ತಾಳ್ಮೆಯಿಂದ ಒಂದೊಂದೇ ಕೇಳಿದಳು. ಗೋಡೆಯ ಹಳೇ ಬಣ್ಣ? ಮನೆ ಹೊಸದು. ಕಾಡಿಗೆ? ಹಚ್ಚುವುದಿಲ್ಲ. ಅರಿಶಿನ, ಕುಂಕುಮ? ಇವೆ. ಎರಡನ್ನೂ ಅವತ್ತೇ ಕಸಕ್ಕೆ ಹಾಕಿದೆವು. ಊರಿಂದ ತಂದ ಹಿತ್ತಾಳೆಯದೋ ಮಣ್ಣಿನದೋ ಪಾತ್ರೆ ಇದೆಯೇ ಎಂದಳು. ಸೌಮ್ಯಾ ನನ್ನ ಮುಖ ನೋಡಿದಳು. ಇಲ್ಲವಲ್ಲ ಎಂದೆ. ನಮ್ಮದು ಹಿತ್ತಾಳೆಯೂ ಅಲ್ಲ, ಮಣ್ಣೂ ಅಲ್ಲ, ಅಪ್ಪಟ ಈಯ. ಕೊನೆಗೆ ಅವಳು ಕೇಳಿದ್ದು, ಮನೆಯವರಲ್ಲಿ ಯಾರಾದರೂ ಸೀಸದ ಕೆಲಸ ನಡೆಯುವ ಜಾಗಕ್ಕೆ ಹೋಗಿಬರುತ್ತಾರೆಯೇ ಎಂದು.

ಸೌಮ್ಯಾ ಬೇಲಿಯ ಕಡೆ ನೋಡಿದಳು. ಕಳೆದ ವರ್ಷ ಇರದೆ ಈ ವರ್ಷ ಹೊಸದಾಗಿ ಬಂದದ್ದು ನಾನು. ರಾನ್ ಗ್ಯಾರೇಜಿನ ಬಾಗಿಲಲ್ಲಿ ಕೂತು, ಅದೇ ಪಂಚೆಯಲ್ಲಿ ಬಂದು ಮಗುವನ್ನು ಎತ್ತಿಕೊಂಡವನು ನಾನು. ತಂದ ಬಟ್ಟೆಯನ್ನೆಲ್ಲ ಆ ಸಂಜೆ ಒಗೆದೆ, ಮತ್ತೆ ಒಗೆದೆ. ಗ್ಯಾರೇಜಿನ ಕಡೆ ತಲೆ ಹಾಕುವುದು ನಿಲ್ಲಿಸಿದೆ.

ನವೀನ ಹೋಗಿ ರಾನ್ ಜೊತೆ ಮಾತಾಡಿದ. ಜಗಳವಾಗುತ್ತದೇನೋ ಎಂದು ನಾನು ಕಿಟಕಿಯ ಹಿಂದೆ ನಿಂತಿದ್ದೆ. ರಾನ್ ಒಂದು ಮಾತನ್ನೂ ಎದುರಾಡಲಿಲ್ಲ. ಒಲೆ ಆರಿಸಿದ. ಸೀಸದ ಗಟ್ಟಿ, ಅಚ್ಚು, ಪೆನ್ಸಿಲು ಎಲ್ಲವನ್ನೂ ಟ್ರಕ್ಕಿಗೆ ತುಂಬಿ, ಗುಡ್ಡದಾಚೆ ಇರುವ ಗೆಳೆಯನೊಬ್ಬನ ದನದ ಕೊಟ್ಟಿಗೆಗೆ ಸಾಗಿಸಿದ. ಗ್ಯಾರೇಜಿನ ನೆಲವನ್ನು ಮಂಡಿಯೂರಿ ಒದ್ದೆ ಬಟ್ಟೆಯಿಂದ ಒರೆಸಿದ. ನಮ್ಮೂರಲ್ಲಾಗಿದ್ದರೆ ನಮ್ಮ ಮನೆತನದ ಇತಿಹಾಸವನ್ನೆಲ್ಲ ಬೀದಿಯಲ್ಲಿ ನಿಂತು ಜಾಲಾಡುತ್ತಿದ್ದರು.

ಫಾಸ್ಟರ್ ಸಿಟಿ

ಒಂದು ತಿಂಗಳಾದ ಮೇಲೆ ಮತ್ತೆ ರಕ್ತ ತೆಗೆದರು. ಇಳಿಯಬೇಕಾಗಿದ್ದದ್ದು ಏರಿತ್ತು.

ಆ ತಿಂಗಳಿಡೀ ಮಗು ಸೊರಗಬಾರದೆಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಿದ್ದೆ. ದಿನಕ್ಕೆ ಎರಡು ಸಲ ಸಾರು. ಹುಳಿ ಮುಂದಾಗಿ ಮಾಡಿದರೆ ಇನ್ನೊಂದು ಲೋಟ ಹೆಚ್ಚು ಕುಡಿಯುತ್ತಾಳೆಂದು ಹುಣಸೆ ಹೆಚ್ಚು ಹಾಕಿ ಚೆನ್ನಾಗಿ ಕುದಿಸುತ್ತಿದ್ದೆ. ಹಾಸನದಿಂದ ಅಕ್ಕನೂ ದಿನಾ ಅದನ್ನೇ ಹೇಳುತ್ತಿದ್ದಳು. ಅವಳ ಚಿಕ್ಕ ಮಗಳು ರಮ್ಯಾ ಬಸುರಿ, ತವರಿಗೆ ಬಂದಿದ್ದಳು. ವಾಂತಿಯಲ್ಲಿ ಏನೂ ಸೇರದು, ಸಾರೊಂದು ಸೇರುತ್ತದೆ ಎನ್ನುತ್ತಿದ್ದಳು ಅಕ್ಕ.

ಎರಡನೆಯ ಪರೀಕ್ಷೆಯ ಮಾರನೆಯ ಬೆಳಗ್ಗೆ ಸೌಮ್ಯಾ ರಜೆ ಹಾಕಿ ಮನೆಯಲ್ಲುಳಿದಳು. "ಮಾವ, ನೀವೂ ಒಂದಿನ ನವೀನ್ ಜೊತೆ ಫಾಸ್ಟರ್ ಸಿಟಿಗೆ ಹೋಗ್ಬನ್ನಿ. ನೀರಿನ ಪಕ್ಕ ವಾಕಿಂಗಿಗೆ ಜಾಗ ಇದೆ. ಮನೇಲೇ ಕೂತು ಕೂತು ನಿಮಗೂ ಬೇಜಾರಾಗಿರತ್ತೆ" ಎಂದಳು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ನನ್ನನ್ನು ಮಗುವಿನಿಂದ ದೂರ ಇಡುತ್ತಿದ್ದಾಳೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಫಾಸ್ಟರ್ ಸಿಟಿ ಚೆಂದದ ಊರು. ಮನೆಗಳ ಹಿತ್ತಿಲಿಗೇ ನೀರು, ಹಿತ್ತಿಲಲ್ಲೇ ದೋಣಿ. ದಪ್ಪ ದಪ್ಪ ಬಾತುಗಳು ದಾರಿಗಡ್ಡ ನಿಂತು ಯಾರಿಗೂ ಜಾಗ ಬಿಡುವುದಿಲ್ಲ. ಜನ ಅವನ್ನು ಬಳಸಿ ಹೋಗುತ್ತಾರೆ. ನಾನು ಒಂದು ಬೆಂಚಿನಲ್ಲಿ ಕೂತೆ. ನೀರು ನೋಡಿದೆ, ಬುತ್ತಿ ಬಿಚ್ಚಿ, ತಿನ್ನದೆ ಮಡಚಿಟ್ಟೆ. ಅರವತ್ತಾರು ವರ್ಷದಲ್ಲಿ ಅಷ್ಟು ದಣಿದದ್ದು ನನಗೆ ನೆನಪಿಲ್ಲ. ಟಿಕೆಟ್ಟಿನ ತಾರೀಕು ಹತ್ತಿರಕ್ಕೆ ಬದಲಿಸಿ ಊರಿಗೆ ಹೋಗಿಬಿಡೋಣ, ಮಗುವಾದರೂ ಉಳಿಯಲಿ ಅನ್ನಿಸಿತು.

ಸಂಜೆ ಫ್ರೀವೇಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ನವೀನ ರಸ್ತೆಯಿಂದ ಕಣ್ಣು ತೆಗೆಯದೆ, "ತಪ್ಪು ತಿಳ್ಕೋಬೇಡಿ ಮಾವ. ಅವಳಿಗೆ ನಿದ್ದೇನೇ ಇಲ್ಲ" ಎಂದ.

"ನಾನು ಹೊರಟುಬಿಡ್ತೀನಪ್ಪ" ಎಂದೆ.

ಮುಂದಿನ ಕಾರು ಕದಲಿತು, ಅವನೂ ಕಾರು ಮುಂದಕ್ಕೆ ಬಿಟ್ಟ.

ಮತ್ತೆ ಗಿಲ್‌ರಾಯ್

ಈಯದ ಚೊಂಬಿಗೆ ಇರುವ ನಿಯಮ ಒಂದೇ. ಖಾಲಿ ಚೊಂಬನ್ನು ಒಲೆಯ ಮೇಲೆ ಇಡಬಾರದು, ಇಟ್ಟರೆ ಕರಗಿಹೋಗುತ್ತದೆ. ನಮ್ಮ ಕಡೆ ಅಡುಗೆ ಕಲಿಯುವವರಿಗೆ ಕಲಿಸುವ ಮೊದಲ ಪಾಠ ಅದು. ಸೌಮ್ಯಳ ಮನೆಯ ಒಲೆಗೆ ಉರಿಯೇ ಇಲ್ಲ, ಕಪ್ಪು ಗಾಜಿನ ಹಲಗೆ ಅದು. ಹೊತ್ತಿದೆಯೋ ಆರಿದೆಯೋ ನನಗೆ ಕೊನೆಯ ತನಕ ತಿಳಿಯಲಿಲ್ಲ. ಆ ವಾರ ನಿದ್ದೆಗೆಟ್ಟ ಕಣ್ಣಲ್ಲಿ ಚೊಂಬನ್ನು ತೊಳೆದು ಅದರ ಮೇಲಿಟ್ಟು, ಟೊಮೇಟೊ ತರಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಚೊಂಬು ಮಂಡಿಯೂರಿ ಕೂತಿತ್ತು. ನೋಡುತ್ತಿದ್ದಂತೆಯೇ ತಳವೆಲ್ಲ ನೀರಾಗಿ ಗಾಜಿನ ಮೇಲೆ ಬೆಳ್ಳಗೆ ಹರಿಯಿತು.

ತಾರಾ ಚಪ್ಪಾಳೆ ತಟ್ಟಿದಳು. ನನಗೆ ಅಳು ಬಂತು. ಪಾತ್ರೆಗಾಗಿ ಅಲ್ಲ, ಒಂದೂ ನೆಟ್ಟಗಾಗುತ್ತಿಲ್ಲವಲ್ಲ ಎಂದು.

ಆರಿದ ಮೇಲೆ ಅದನ್ನು ಗಾಜಿನಿಂದ ಎಬ್ಬಿಸಿ ತೆಗೆದೆ. ಎಸೆಯಲು ಮನಸ್ಸಾಗಲಿಲ್ಲ. ರಾನ್ ತವರ ಕೇಳಿದ್ದು ನೆನಪಾಯಿತು. ನಮ್ಮಿಂದ ಅವನಿಗೆ ಅಷ್ಟೆಲ್ಲ ತೊಂದರೆಯಾದ ಮೇಲೆ ಇದಾದರೂ ಅವನಿಗೆ ಸೇರಲಿ ಎಂದು ಬೇಲಿಯ ಮೇಲಿಂದ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಹಳ ದಿನದ ಮೇಲೆ ನಾವು ಮಾತಾಡಿದ್ದು. ಮಗು ಹೇಗಿದೆ ಎಂದ. ಹಾಗೇ ಇದೆ ಎಂದೆ. ಅವತ್ತಿನಿಂದ ಸಾರನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡತೊಡಗಿದೆ.

ಶನಿವಾರ ಬೆಳಗ್ಗೆ

ಕಾಫಿ ಕುಡಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ರಾನ್ ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತಿದ್ದ. ಒಗೆದ ಅಂಗಿ ಹಾಕಿದ್ದ. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನಮ್ಮ ಚೊಂಬಿನ ಉಳಿದ ತುಂಡು, ಇನ್ನೊಂದು ಚೀಲದಲ್ಲಿ ನಾಲ್ಕು ಗುಂಡು.

ಹಿಂದಿನ ದಿನ ಗೆಳೆಯನ ಕೊಟ್ಟಿಗೆಗೆ ಹೋಗಿ, ಬರಿ ಸೀಸ ಕರಗಿಸಿ, ನಾನು ಕೊಟ್ಟ ತವರವನ್ನು ತೂಗಿ ಬೆರೆಸಿದನಂತೆ. ಅಷ್ಟು ತವರ ಬಿದ್ದರೆ ಬರಬೇಕಾದ ಗಡಸು ಎಷ್ಟೆಂದು ಅವನಿಗೆ ಬಾಯಿಪಾಠ. ಬಂದ ಗುಂಡುಗಳು ಮೆತ್ತಗಿದ್ದವು. ಅಚ್ಚಿನ ಅಂಚುಗಳೂ ಸರಿಯಾಗಿ ಮೂಡಿರಲಿಲ್ಲ. ತೂಕದಲ್ಲಿ ತಪ್ಪಿದೆನೇನೋ ಎಂದು ಮತ್ತೆ ಕರಗಿಸಿ, ಇನ್ನಷ್ಟು ಹಾಕಿ ನೋಡಿದನಂತೆ. ಗಡಸು ಏರಿತು, ಆದರೆ ಏರಬೇಕಾದಷ್ಟು ಏರಲಿಲ್ಲ. ಆಮೇಲೆ ಚೊಂಬಿನ ತುಂಡನ್ನೇ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದನಂತೆ. ಅದೇ ಗಾತ್ರದ ತವರಕ್ಕಿರಬೇಕಾದ್ದಕ್ಕಿಂತ ಬಹಳ ಭಾರ ಬಂತಂತೆ.

"ಇದು ತವರವಲ್ಲ" ಎಂದ. ಇಂಗ್ಲಿಷಿನಲ್ಲಿ, ನನಗಾಗಿ ಒಂದೊಂದೇ ಪದ ಬಿಡಿಸಿ. "ತವರ ಸ್ವಲ್ಪ ಇದೆ. ಉಳಿದದ್ದೆಲ್ಲ ಸೀಸ. ಇದರಲ್ಲೇ ಅಲ್ಲವೇ ನೀವು ಮಗುವಿಗೆ ಸೂಪು ಮಾಡುತ್ತಿದ್ದದ್ದು? ಹುಳಿ ಹಾಕಿ? ಹುಳಿ ಸೀಸವನ್ನು ಕರಗಿಸಿಕೊಳ್ಳುತ್ತದೆ."

ನನ್ನ ಹಿಂದೆ ನವೀನ ಬಂದು ನಿಂತದ್ದು ಗೊತ್ತಾಯಿತು. ನಾನು ತಲೆಯಾಡಿಸಿದೆ. ರಾನ್ ಮುಖದಲ್ಲಿ ಗೆದ್ದ ಕಳೆ ಒಂದಿಷ್ಟೂ ಇರಲಿಲ್ಲ. ನಿಮ್ಮನ್ನು ಅನುಮಾನಿಸಿದೆವು ಎಂದು ನಾನು ಹೇಗೋ ಹೇಳಿ ಮುಗಿಸಿದೆ. "ನನಗೂ ನನ್ನ ಮೇಲೇ ಅನುಮಾನವಿತ್ತು" ಎಂದು, ಚೀಲವನ್ನು ಮೆಟ್ಟಿಲ ಮೇಲಿಟ್ಟು, ಮೆಲ್ಲಗೆ ತನ್ನ ಮನೆಗೆ ನಡೆದುಹೋದ. ನಾನು ಆ ಚೀಲದ ಪಕ್ಕ ಮೆಟ್ಟಿಲ ಮೇಲೇ ಕೂತೆ.

ಓದುವವರ ಜೀವ ತೆಗೆಯುವುದು ಬೇಡ, ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಪರೀಕ್ಷೆಯಲ್ಲಿ ತಾರಾಳ ಸೀಸ ಇಳಿಯಿತು, ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು. ಬೇಗ ಗೊತ್ತಾಯಿತು, ಆದರೂ ಕೆಲವು ವರ್ಷ ಕಣ್ಣಿಟ್ಟಿರಬೇಕು ಎಂದರು ಡಾಕ್ಟರು. ನನ್ನ ರಕ್ತವನ್ನೂ ನೋಡಿದರು, ಅವಳಿಗಿಂತ ಹೆಚ್ಚಿತ್ತು. ನನ್ನದು ಹಾಳಾಗಿ ಹೋಗಲಿ. ಆ ಬೆಳಗ್ಗೆ ಇದು ಯಾವುದೂ ಗೊತ್ತಿರಲಿಲ್ಲ.

ಸೌಮ್ಯಾ ಮಹಡಿಯಿಂದ ಇಳಿದು ಬಂದಳು. ನವೀನ ಹೇಳಲು ಬಾಯಿ ತೆರೆದ. ನಾನೇ ಹೇಳುತ್ತೇನೆ ಎಂದು ತಡೆದೆ. ಹೇಳಿದೆ. ನಾನು ತಂದ ಚೊಂಬು, ನಾನು ಕುದಿಸಿದ ಸಾರು, ನಾನು ನನ್ನ ಕೈಯಿಂದ ಕುಡಿಸಿದ್ದು. ಬೈಯುತ್ತಾಳೆ, ಬೈದರೆ ಸಾಕು ಎಂದು ಕಾಯುತ್ತಿದ್ದೆ. ಅವಳು ಚೀಲದೊಳಗಿನ ತುಂಡನ್ನು ನೋಡುತ್ತಾ ನಿಂತಳು. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಮಾವ, ಅಮ್ಮನ ಹತ್ರ ಇರೋದೂ ಅದೇ ಅಂಗಡೀದಾ?"

ನಾನು ಬಾಯಿ ಬಿಡುವ ಮೊದಲೇ ಅವಳು ಫೋನು ಒತ್ತಿ ನನ್ನ ಕೈಗೆ ಕೊಟ್ಟಳು. ಹಾಸನದಲ್ಲಿ ರಾತ್ರಿ ಊಟದ ಹೊತ್ತು. ಅಕ್ಕ ಎತ್ತಿದಳು. ಹಿಂದೆ ಪಾತ್ರೆ ಎತ್ತಿಡುವ ಸದ್ದು ಕೇಳಿಸುತ್ತಿತ್ತು.

"ಅಕ್ಕ, ಸಾರು ಬಡಿಸಬೇಡ" ಎಂದೆ. "ರಮ್ಯಾಗೆ ಬಡಿಸಬೇಡ."

"ಬಡಿಸಬೇಡ ಅಂದ್ರೆ? ಊಟ ಆಯ್ತಲ್ಲೋ" ಎಂದಳು ಅಕ್ಕ. ಅವಳ ದನಿ ತುಂಬಾ ಖುಷಿಯಲ್ಲಿತ್ತು. "ಇವತ್ತು ಎರಡು ಸಲ ಹಾಕಿಸ್ಕೊಂಡು ಕುಡಿದ್ಲು ಕಣೋ ಹುಡುಗಿ, ತಳದ ಗಷ್ಟೂ ಬಿಡಲಿಲ್ಲ."